ಪಂಚಾಯಿತಿವರೆಗೆ ಬಂದ ನೆಟ್ ಮನೆಗೆ ಯಾಕೆ ಬರಲಿಲ್ಲ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯಿಂದ ಪ್ರಶ್ನೆ ಬಂದಿವೆ. ಹೆಚ್ಚಿನವು ನೆಟ್, ಕರೆಂಟ್, ಕೆಲಸದ ಸುತ್ತಲೇ ಇವೆ. ನಾನು ಮೂವತ್ತು ವರ್ಷ ಟೆಲಿಕಾಂ ಕೇಬಲ್ ಹಿಂದೆ ಓಡಾಡಿದವನು. ಹಾಗಾಗಿ ಉತ್ತರದಲ್ಲಿ ಮಣ್ಣಿನ ವಾಸನೆ ಸ್ವಲ್ಪ ಜಾಸ್ತಿ ಇದ್ದರೆ ಸಹಿಸಿಕೊಳ್ಳಿ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಭಾರತ್‌ನೆಟ್ ಪೆಟ್ಟಿಗೆ ಕೂಡಿಸಿ ಎಷ್ಟೋ ವರ್ಷ ಆಯಿತು. ಅದರ ದೀಪ ಹತ್ತಿದ್ದನ್ನು ನಾನಂತೂ ನೋಡಿಲ್ಲ. ಯಾವ ಕಾಗದಕ್ಕೆ ಹೋದರೂ ‘ಸರ್ವರ್ ಇಲ್ರಿ, ನಾಳಿ ಬರ್ರಿ’ ಅಂತಾರೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ನಮ್ಮೂರಿಗೆ ಇಂಟರ್‌ನೆಟ್ ಬಂದಿದೆ. ಇದು ಯಾವ ಲೆಕ್ಕ?
– ಪದವಿ ವಿದ್ಯಾರ್ಥಿ, ಸುರಪುರ ತಾಲೂಕು

ಉತ್ತರ: ಲೆಕ್ಕ ತಪ್ಪಿಲ್ಲ ತಮ್ಮಾ. ಅವರು ಎಣಿಸಿದ್ದು ಹುಗಿದ ಕೇಬಲ್ ಮತ್ತು ಕೂಡಿಸಿದ ಪೆಟ್ಟಿಗೆ. ನೀನು ಕೇಳುತ್ತಿರುವುದು ಓಡುವ ನೆಟ್.

ಈ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2011ರ ಅಕ್ಟೋಬರ್‌ನಲ್ಲಿ. ಆಗ ಇದರ ಹೆಸರು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ. ದೇಶದ ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗೆ ಎರಡೇ ವರ್ಷದಲ್ಲಿ ಫೈಬರ್ ಎಳೆಯುತ್ತೇವೆ ಅಂದಿದ್ದರು. 2015ರಲ್ಲಿ ಹೆಸರು ಭಾರತ್‌ನೆಟ್ ಆಯಿತು. ಮೊದಲ ಹಂತದ ಒಂದು ಲಕ್ಷ ಪಂಚಾಯಿತಿ ಮುಗಿಯುವಾಗ 2017ರ ಡಿಸೆಂಬರ್. ದುಡ್ಡು ಯಾರದು ಅಂತ ಕೇಳಿದರೆ, ನಿನ್ನದೇ. ಮೊಬೈಲ್ ಕಂಪನಿಗಳು ತಮ್ಮ ಆದಾಯದಲ್ಲಿ ನೂರಕ್ಕೆ 5 ರೂಪಾಯಿ ಒಂದು ನಿಧಿಗೆ ಕಟ್ಟುತ್ತವೆ. ಈಗ ಅದನ್ನು ಡಿಜಿಟಲ್ ಭಾರತ್ ನಿಧಿ ಅಂತಾರೆ. ನೀನು ಮಾಡಿಸುವ ಪ್ರತಿ ರೀಚಾರ್ಜ್‌ನಲ್ಲೂ ಆ ಪೆಟ್ಟಿಗೆಯ ಪಾಲು ಇದೆ.

ಇನ್ನು ದೀಪ ಯಾಕೆ ಹತ್ತಲಿಲ್ಲ ಅನ್ನುವುದು. ನಿಮ್ಮ ಕಡೆ ನಾರಾಯಣಪುರ ಎಡದಂಡೆ ಕಾಲುವೆ ಇದೆಯಲ್ಲ, ಅದನ್ನೇ ನೆನಪು ಮಾಡಿಕೊ. ಕಾಲುವೆಯ ಕೊನೆ ಹೊಲದವನ ಕಷ್ಟ ಏನು? ಮೇಲೆ ಎಲ್ಲಿ ಒಡೆದರೂ ಅವನಿಗೆ ನೀರಿಲ್ಲ. ಮೊದಲ ಹಂತದಲ್ಲಿ ಫೈಬರ್ ಎಳೆದಿದ್ದೂ ಹೀಗೆಯೇ. ತಾಲೂಕು ಎಕ್ಸ್‌ಚೇಂಜ್‌ನಿಂದ ಹೊರಟು ಒಂದರ ಮುಂದೆ ಒಂದು ಊರು. ಖರ್ಚು ಉಳಿಸಲು ಅರ್ಧ ದಾರಿಯವರೆಗೆ ಮೊದಲೇ ಇದ್ದ ಹಳೆಯ ಕೇಬಲ್ಲನ್ನೇ ಬಳಸಿ, ಅಲ್ಲಿಂದ ಮುಂದಕ್ಕಷ್ಟೇ ಹೊಸದು ಹಾಕಿದರು. ಆ ಹಳೆಯ ಕೇಬಲ್‌ಗೆ ಒಂದು ಕಡೆ ಜೆಸಿಬಿ ತಾಗಿದರೆ ಮುಂದಿನ ಊರೆಲ್ಲ ಕತ್ತಲು.

ಜೆಸಿಬಿ ತಾಗುವುದು ಅಪರೂಪವೂ ಅಲ್ಲ. ರಸ್ತೆ ಅಗಲ ಮಾಡುವವರು, ಜಲಜೀವನ್ ಪೈಪ್ ಹಾಕುವವರು, ಚರಂಡಿ ತೆಗೆಯುವವರು ಎಲ್ಲರೂ ಅಗೆಯುವುದು ರಸ್ತೆಯ ಅದೇ ಅಂಚನ್ನು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಫೈಬರ್ ತುಂಡಾಗುತ್ತದೆ, 3,000 ಕೋಟಿ ರೂಪಾಯಿ ನಷ್ಟ ಅಂತ ಕೇಂದ್ರ ಸರ್ಕಾರವೇ ಹೇಳಿದೆ. ಇದಕ್ಕಾಗಿ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅಂತ ಒಂದು ಆ್ಯಪ್ ಬಿಟ್ಟರು. ಅಗೆಯುವ ಮುಂಚೆ ಅದರಲ್ಲಿ ತಿಳಿಸಬೇಕು, ಕೆಳಗೆ ಕೇಬಲ್ ಇರುವ ಸಂಸ್ಥೆಗೆ ಸುದ್ದಿ ಹೋಗುತ್ತದೆ. ಆ್ಯಪ್ ಚೆನ್ನಾಗಿದೆ. ಜೆಸಿಬಿ ಮೇಲೆ ಕೂತ ಹುಡುಗನಿಗೆ ಅದನ್ನು ಯಾರು ಹೇಳಿದ್ದಾರೆ?

ನಮ್ಮ ನೆಲದ ಗುಣವೂ ಸೇರುತ್ತದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಒಳಗಿನ ಪೈಪನ್ನು ಎಳೆದಾಡುತ್ತದೆ. ಶಹಾಬಾದ್, ಚಿತ್ತಾಪುರ ಕಡೆ ಕೈ ಹಾಕಿದಲ್ಲೆಲ್ಲ ಪರ್ಸಿ ಕಲ್ಲು, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು. ಐದು ಅಡಿಗಿಂತ ಆಳ ಹೋಗಬೇಕಾದ ಕೇಬಲ್ ಅಲ್ಲಿ ಮೇಲೆಯೇ ಉಳಿಯುತ್ತದೆ.

ಮೂರನೆಯದು ಕರೆಂಟ್. ಒಂದು ಊರಲ್ಲಿ ‘ಲಿಂಕ್ ಡೌನ್’ ಅಂತ ದೂರು ಬಂದು ನಾನೇ ಹೋಗಿದ್ದೆ. ಎಲ್ಲ ಮೀಟರ್ ಹಚ್ಚಿ ನೋಡಿದೆ, ಫೈಬರ್ ಸರಿ ಇದೆ. ಕೊನೆಗೆ ಗೊತ್ತಾಯಿತು, ಪೆಟ್ಟಿಗೆಯ ಪ್ಲಗ್ ತೆಗೆದು ಅಲ್ಲಿ ಮೊಬೈಲ್ ಚಾರ್ಜ್‌ಗೆ ಹಾಕಿದ್ದರು. ಬ್ಯಾಟರಿ ಸತ್ತು ಯಾವ ಕಾಲವೋ ಆಗಿತ್ತು. ನಗು ಬಂತು, ಸಿಟ್ಟೂ ಬಂತು. ಆದರೆ ಆ ಪೆಟ್ಟಿಗೆ ಯಾರ ಜವಾಬ್ದಾರಿ ಅಂತ ಪಂಚಾಯಿತಿಯವರಿಗೆ ಯಾರೂ ಹೇಳಿರಲಿಲ್ಲ.

2023ರ ಆಗಸ್ಟ್‌ನಲ್ಲಿ ತಿದ್ದಿದ ಭಾರತ್‌ನೆಟ್‌ಗೆ 1,39,579 ಕೋಟಿ ರೂಪಾಯಿಯ ಒಪ್ಪಿಗೆ ಸಿಕ್ಕಿದೆ. ಅದರಲ್ಲಿ ಕೇಬಲ್ ಸರಪಳಿ ಥರ ಅಲ್ಲ, ಬಳೆ ಥರ ಸುತ್ತು ಬರುತ್ತದೆ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ನೆಟ್ ಹರಿಯುತ್ತದೆ. ಜೊತೆಗೆ ಕೆಲಸ ಹಿಡಿದವರೇ ಹತ್ತು ವರ್ಷ ನೋಡಿಕೊಳ್ಳಬೇಕು ಅನ್ನುವ ಷರತ್ತಿದೆ. ನನ್ನನ್ನು ಕೇಳಿದರೆ ಆ ದೊಡ್ಡ ಮೊತ್ತಕ್ಕಿಂತ ಈ ಷರತ್ತೇ ದೊಡ್ಡದು. ಇಷ್ಟು ದಿನ ಉದ್ಘಾಟನೆಗೆ ದುಡ್ಡಿತ್ತು, ರಿಪೇರಿಗೆ ಇರಲಿಲ್ಲ.

ನೀನು ಮಾಡಬಹುದಾದದ್ದು ಒಂದಿದೆ. ಬಿಎಸ್‌ಎನ್‌ಎಲ್‌ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ‘ನೆಟ್ ಯಾಕಿಲ್ಲ’ ಅಂತ ಕೇಳಬೇಡ, ಅದಕ್ಕೆ ‘ಕ್ರಮ ಕೈಗೊಳ್ಳಲಾಗುವುದು’ ಅಂತ ಬರೆದು ಕಳಿಸುತ್ತಾರೆ. ಕಳೆದ 12 ತಿಂಗಳಲ್ಲಿ ನಮ್ಮ ಪಂಚಾಯಿತಿಯ ಲಿಂಕ್ ಎಷ್ಟು ದಿನ ನಡೆದಿದೆ, ಎಷ್ಟು ದೂರು ದಾಖಲಾಗಿವೆ, ಪ್ರತಿಯೊಂದು ಯಾವ ದಿನ ಮುಗಿಯಿತು, ಇಷ್ಟನ್ನೇ ಕೇಳು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಓದು.

ಇನ್ನೊಂದು ಮಾತು. ‘ಸರ್ವರ್ ಇಲ್ಲ’ ಅಂದಾಗಲೆಲ್ಲ ನೆಟ್ ಇಲ್ಲ ಅಂತ ಅಲ್ಲ. ಅದೇ ಮೇಜಿನ ಮೇಲೆ ಆಪರೇಟರ್ ವಾಟ್ಸ್ಆ್ಯಪ್ ನಡೀತಾ ಇದ್ದರೆ, ನಿಂತಿರುವುದು ಇಲಾಖೆಯ ಪೋರ್ಟಲ್. ಅದಕ್ಕೆ ಆ ಹುಡುಗನ ಮೇಲೆ ರೇಗಿ ಉಪಯೋಗ ಇಲ್ಲ. ರಾಜ್ಯ ಸರ್ಕಾರದ 1902 ಸಹಾಯವಾಣಿಗೆ ದೂರು ಕೊಡಿ.

ಪ್ರಶ್ನೆ: ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿ. ಅಂಗಡಿಯಲ್ಲಿ ವೈಫೈ ಇಟ್ಟು ಐದು, ಹತ್ತು ರೂಪಾಯಿಗೆ ನೆಟ್ ಮಾರಬಹುದು ಅಂತ ಕೇಳಿದೆ. ಲೈಸೆನ್ಸ್ ಬೇಕಾ?
– ಅಂಗಡಿಕಾರರು, ಆಳಂದ

ಉತ್ತರ: ಬೇಡ. ಇದು 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ–ವಾಣಿ ಯೋಜನೆ. ನಿಮ್ಮಂಥ ಅಂಗಡಿಯನ್ನು ಅದರಲ್ಲಿ ಪಬ್ಲಿಕ್ ಡೇಟಾ ಆಫೀಸ್, ಅಂದರೆ ‘ಪಿಡಿಒ’ ಅಂತಾರೆ. ನಮ್ಮಲ್ಲಿ ಪಿಡಿಒ ಅಂದರೆ ಪಂಚಾಯಿತಿ ಸಾಹೇಬರು, ಗಲಿಬಿಲಿ ಆಗಬೇಡಿ! ನಿಮಗೆ ಲೈಸೆನ್ಸೂ ಇಲ್ಲ, ನೋಂದಣಿಯೂ ಇಲ್ಲ, ಶುಲ್ಕವೂ ಇಲ್ಲ. ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಒಬ್ಬ ಅಗ್ರಿಗೇಟರ್ ಜೊತೆ ಸೇರಿಕೊಂಡರೆ ಸಾಕು. ಗಿರಾಕಿಯ ಒಟಿಪಿ, ಲೆಕ್ಕಪತ್ರ ಅವರೇ ನೋಡಿಕೊಳ್ಳುತ್ತಾರೆ.

ಮೊದಲೆಲ್ಲ ತೊಂದರೆ ಇದ್ದದ್ದು ಬೇರೆ ಕಡೆ. ಅಂಗಡಿಗೆ ಮನೆಯ ಪ್ಲಾನ್ ಕೊಡದೆ ದುಬಾರಿ ಲೀಸ್ಡ್ ಲೈನ್ (ಒಬ್ಬರಿಗೇ ಮೀಸಲಾದ ನೆಟ್ ಲೈನ್) ತಗೋ ಅಂತ ನೆಟ್ ಕಂಪನಿಯವರು ಅನ್ನುತ್ತಿದ್ದರು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಅದಕ್ಕೆ ಮಿತಿ ಹಾಕಿದೆ. 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಮನೆಗೆ ಏನು ದರವೋ ಅದರ ಎರಡು ಪಟ್ಟು ಮೀರುವ ಹಾಗಿಲ್ಲ. ಆದರೂ ಒಂದು ಲೆಕ್ಕ ಹಾಕಿ. ಈಗ ಎಲ್ಲರ ಫೋನ್‌ನಲ್ಲೂ ದಿನಕ್ಕೆ ಒಂದೂವರೆ, ಎರಡು ಜಿಬಿ ಇರುತ್ತದೆ. ಸಿಗ್ನಲ್ ಚೆನ್ನಾಗಿರುವ ಜಾಗದಲ್ಲಿ ವೈಫೈ ಮಾರಲು ಹೋದರೆ ಗಿಟ್ಟುವುದಿಲ್ಲ. ಒಳ ಹಳ್ಳಿಯ ಅಂಗಡಿಗೆ, ಹಾಸ್ಟೆಲ್ ಪಕ್ಕದ ಅಂಗಡಿಗೆ ಇದು ಚೆನ್ನ.

ಪ್ರಶ್ನೆ: ಬ್ರಾಡ್‌ಬ್ಯಾಂಡ್ ನೂರಕ್ಕೆ ಹತ್ತು ಹೆಚ್ಚಾದರೆ ಆರ್ಥಿಕ ಬೆಳವಣಿಗೆ 1.38 ಅಂಶ ಹೆಚ್ಚುತ್ತದೆ ಅಂತ ನಮ್ಮ ನೋಟ್ಸ್‌ನಲ್ಲಿ ಇದೆ. ಇದು ನಿಜವಾ? ಹಾಗಿದ್ದರೆ ನಮ್ಮ ಜಿಲ್ಲೆ ಯಾಕೆ ಹಿಂದೆ?
– ಎಂ.ಎ. ವಿದ್ಯಾರ್ಥಿನಿ, ಹುಮನಾಬಾದ್

ಉತ್ತರ: ಆ ಅಂಕಿ ವಿಶ್ವ ಬ್ಯಾಂಕಿನ 2009ರ ವರದಿಯದು. ಅದು ಅಭಿವೃದ್ಧಿ ಹೊಂದುತ್ತಿರುವ ಹಲವು ದೇಶಗಳ ಸರಾಸರಿ. ಜಿಲ್ಲೆಗೆ ಹಚ್ಚಿ ಗುಣಾಕಾರ ಮಾಡುವಂಥದ್ದಲ್ಲ. ಬೆಳೆದ ಕಡೆ ನೆಟ್ ಬೇಗ ಹೋಗುತ್ತದೆ, ನೆಟ್ ಹೋದ ಕಡೆ ಬೆಳವಣಿಗೆ ಆಗುತ್ತದೆ. ಯಾವುದು ಕಾರಣ, ಯಾವುದು ಫಲ ಅಂತ ಬಿಡಿಸುವುದು ಕಷ್ಟ. ಪರೀಕ್ಷೆಯಲ್ಲಿ ಬರೆಯಿರಿ, ಆದರೆ ನಂಬುವಾಗ ಸ್ವಲ್ಪ ತಡೆಯಿರಿ.

ನನಗೆ ಹೆಚ್ಚು ಹಿಡಿಸಿದ್ದು ಕೇರಳದ ಮೀನುಗಾರರ ಅಧ್ಯಯನ. ರಾಬರ್ಟ್ ಜೆನ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದರು. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂತು. ಅದಕ್ಕೆ ಮುಂಚೆ ಒಂದು ದಂಡೆಯಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದರು, ಪಕ್ಕದ ದಂಡೆಯಲ್ಲಿ ಮೀನೇ ಇರುತ್ತಿರಲಿಲ್ಲ. ಫೋನ್ ಬಂದ ಮೇಲೆ ದೋಣಿಯಲ್ಲೇ ದರ ಕೇಳಿ, ಚೆನ್ನಾಗಿರುವ ದಂಡೆಗೆ ತಿರುಗಿಸಿದರು. ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಶೇ 8 ಏರಿತು, ಕೊಳ್ಳುವವರಿಗೆ ದರ ಶೇ 4 ಇಳಿಯಿತು.

ಈಗ ಇದನ್ನು ನಮ್ಮ ತೊಗರಿಗೆ ಹಚ್ಚಿ ನೋಡಿ. 2014ರಿಂದಲೇ ಕರ್ನಾಟಕದ ಎಪಿಎಂಸಿಗಳಲ್ಲಿ ಆನ್‌ಲೈನ್ ಟೆಂಡರ್ ಶುರುವಾಗಿದೆ, ದೇಶದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ–ನಾಮ್ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಸೇಡಂ ರೈತ ಕಲಬುರಗಿ ದರವನ್ನೂ ಲಾತೂರ್ ದರವನ್ನೂ ಬೆಳಿಗ್ಗೆಯೇ ಫೋನ್‌ನಲ್ಲಿ ನೋಡುತ್ತಾನೆ. ನೋಡಿ ಏನು ಮಾಡುತ್ತಾನೆ? ಬೀಜಕ್ಕೆ, ಬೆಳೆಗೆ ಕೀಟದ ಎಣ್ಣೆ ಹೊಡೆಯಲಿಕ್ಕೆ ಅಡತಿ ಅಂಗಡಿಯಲ್ಲಿ ಮುಂಗಡ ತಗೊಂಡಿದ್ದಾನೆ, ಮಾಲು ಅಲ್ಲಿಗೇ ಹೋಗಬೇಕು. ಹಿಡಿದಿಡಲು ಗೋದಾಮಿಲ್ಲ. ಡಿಸೆಂಬರ್, ಜನವರಿಯಲ್ಲಿ ಎಲ್ಲರ ರಾಶಿಯೂ ಒಂದೇ ಸಲ ಬರುತ್ತದೆ. ಕೇರಳದವನ ಹತ್ತಿರ ಫೋನ್ ಜೊತೆಗೆ ದೋಣಿ ಇತ್ತು. ಮೂಗುದಾರ ಅವನ ಕೈಯಲ್ಲೇ ಇತ್ತು. ನಮ್ಮವನ ಕೈಯಲ್ಲಿ ಫೋನ್ ಅಷ್ಟೇ ಇದೆ.

ಇದರ ಜೊತೆ ಓದು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.8, ರಾಜ್ಯಕ್ಕೇ ಕಡಿಮೆ. ನಿಮ್ಮ ಬೀದರ್ ಶೇ 70ರ ಮೇಲಿತ್ತು. ಫಾರ್ಮ್ ತುಂಬಲು ಇನ್ನೊಬ್ಬರನ್ನು ಹಿಡಿಯಬೇಕಾದ ಊರಲ್ಲಿ ನೆಟ್ ಬಂದರೆ ಮೊದಲು ಲಾಭ ಆಗುವುದು ಆ ಇನ್ನೊಬ್ಬರಿಗೇ.

ಪ್ರಶ್ನೆ: 371(ಜೆ) ಬಂತು, ಮಂಡಳಿ ಬಂತು, ಸಾವಿರಾರು ಕೋಟಿ ಬಂತು. ಐಟಿ ಸಚಿವರೂ ಕಲಬುರಗಿ ಜಿಲ್ಲೆಯವರೇ. ಆದರೂ ನನ್ನ ಇಬ್ಬರು ಮಕ್ಕಳೂ ಹೈದರಾಬಾದ್‌ನಲ್ಲಿ. ಐಟಿ ಕಂಪನಿ ಇಲ್ಲಿಗೆ ಯಾಕೆ ಬರುವುದಿಲ್ಲ?
– ನಿವೃತ್ತ ಶಿಕ್ಷಕರು, ಬೀದರ್

ಉತ್ತರ: ಗುರುಗಳೇ, ನನ್ನ ಮಗನೂ ಪುಣೆಯಲ್ಲಿದ್ದಾನೆ. ಹಾಗಾಗಿ ಇದು ಇಬ್ಬರದೂ ಒಂದೇ ನೋವು.

ಮೊದಲು 371(ಜೆ) ಏನು ಕೊಡುತ್ತದೆ, ಏನು ಕೊಡುವುದಿಲ್ಲ ನೋಡೋಣ. ಇದು ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು. ನಮ್ಮ ಭಾಗಕ್ಕೆ ಒಂದು ಅಭಿವೃದ್ಧಿ ಮಂಡಳಿ, ಅನುದಾನದಲ್ಲಿ ನ್ಯಾಯದ ಪಾಲು, ಇಲ್ಲಿನ ಕಾಲೇಜು ಸೀಟು ಮತ್ತು ಸರ್ಕಾರಿ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲು. ಎಷ್ಟೋ ಮಕ್ಕಳು ಇದರಿಂದ ಡಾಕ್ಟರ್, ಎಂಜಿನಿಯರ್ ಆಗಿದ್ದಾರೆ. ಅದು ಸಣ್ಣ ಮಾತಲ್ಲ. ಆದರೆ ಖಾಸಗಿ ಕಂಪನಿಗೆ ಇದು ಅನ್ವಯಿಸುವುದಿಲ್ಲ. ಹೀಗಾಗಿ ಎಂಜಿನಿಯರ್‌ಗಳನ್ನು ತಯಾರು ಮಾಡಿ ಹೈದರಾಬಾದ್ ಬಸ್ಸು ಹತ್ತಿಸುವ ಕೆಲಸ ನಾವು ಚೆನ್ನಾಗಿ ಮಾಡುತ್ತಿದ್ದೇವೆ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರದು. ಅಂದರೆ ಓದಿದವರ ಕೊರತೆ ಇಲ್ಲಿ ಎಂದೂ ಇರಲಿಲ್ಲ.

ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗುತ್ತಿದೆ. ಏಳು ಜಿಲ್ಲೆಗೆ ಹಂಚಬೇಕು. ಯಾವ ತಾಲೂಕಿಗೆ ಎಷ್ಟು ಅನ್ನುವುದಕ್ಕೆ ವರ್ಷಗಟ್ಟಲೆ ಆಧಾರವಾಗಿ ಬಂದದ್ದು ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ದುಡ್ಡು ಬಹುಪಾಲು ಹೋಗುವುದು ಶಾಲೆ ಕೋಣೆ, ರಸ್ತೆ, ಆಸ್ಪತ್ರೆ ಕಟ್ಟಡಕ್ಕೆ. ಬೇಕು, ಬೇಡ ಅನ್ನಲಾರೆ. ಆದರೆ ಕಟ್ಟಡ ಕಟ್ಟುವುದು ಸುಲಭ, ಅದರೊಳಗೆ ಒಂದು ಕೆಲಸ ವರ್ಷಗಟ್ಟಲೆ ನಡೆಸುವುದು ಕಷ್ಟ. ನಮ್ಮ ಟೆಂಡರ್ ಪದ್ಧತಿ ಮೊದಲನೆಯದಕ್ಕೇ ಹೊಂದಿಕೊಂಡಿದೆ. ಸುರಪುರದ ಹುಡುಗನ ಪೆಟ್ಟಿಗೆಯ ಕಥೆಯೇ ಇಲ್ಲೂ.

ಬೆಂಗಳೂರಿಗೆ ಐಟಿ ಸುಮ್ನೆ ಬರಲಿಲ್ಲ. ಟಾಟಾ ಸಂಸ್ಥೆ (ಈಗಿನ ಐಐಎಸ್‌ಸಿ), ಎಚ್‌ಎಎಲ್, ಬಿಇಎಲ್, ಇಸ್ರೊ ಎಲ್ಲ ಮೊದಲೇ ಇದ್ದವು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಎಲೆಕ್ಟ್ರಾನಿಕ್ಸ್ ಸಿಟಿಗೆ ಜಾಗ ಮಾಡಿದ್ದು ಎಪ್ಪತ್ತರ ದಶಕದ ಕೊನೆಗೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ತನ್ನದೇ ಉಪಗ್ರಹ ಸಂಪರ್ಕ ಹಾಕಿಕೊಂಡಿತು. ಅಂದರೆ ಜನ, ಜಾಗ, ಲೈನ್ ಮೂರೂ ಒಂದೇ ಕಡೆ ಕೂಡಿದವು. ಅದಕ್ಕೂ ದಶಕಗಳೇ ಹಿಡಿದವು.

ನಮ್ಮಲ್ಲಿ ಮೂರೂ ಬಿಡಿಬಿಡಿಯಾಗಿ ಬರುತ್ತಿವೆ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ತಿಯಾಯಿತು. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ, ಬೀದರ್‌ನದು ಮರು ವರ್ಷ ಫೆಬ್ರವರಿಯಲ್ಲಿ ಶುರುವಾಯಿತು. ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಉಡಾನ್ ಯೋಜನೆಯಲ್ಲಿ ಸರ್ಕಾರ ನಷ್ಟ ತುಂಬಿಕೊಡುವುದು ಮೂರು ವರ್ಷ. ಆಮೇಲೆ ಸೀಟು ತಾನಾಗಿ ತುಂಬಬೇಕು. ಬೀದರ್ ವಿಮಾನ ನಿಂತು, ಮತ್ತೆ ಹಾರಿದ್ದನ್ನು ನೀವೇ ನೋಡಿದ್ದೀರಿ. ನಿಲ್ದಾಣ ಇದ್ದರೆ ಕಂಪನಿ ಬರುತ್ತದೆ ಅಂತ ಇವರು, ಕಂಪನಿ ಇದ್ದರೆ ವಿಮಾನ ಹಾರುತ್ತದೆ ಅಂತ ಅವರು.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಐಟಿ ಕಂಪನಿಯ ದಾರಿ ಕಾಯುವುದರಲ್ಲಿ ಹುರುಳಿಲ್ಲ. ಇಲ್ಲಿನ ಮಾಲಿಗೆ ಹೊಂದುವ ಕೆಲಸ ಬೇಗ ಬೇರು ಬಿಡುತ್ತದೆ. ಹತ್ತಿ ನಮ್ಮದು, ಕಲಬುರಗಿಗೆ 2023ರಲ್ಲಿ ಘೋಷಣೆಯಾದ ಪಿಎಂ ಮಿತ್ರ ಜವಳಿ ಪಾರ್ಕ್ ನಡೆದರೆ ಹೊಲಿಗೆಯ ಜೊತೆ ಡಿಸೈನ್, ಲೆಕ್ಕಪತ್ರ, ಸಾಗಣೆಯ ಕಂಪ್ಯೂಟರ್ ಕೆಲಸವೂ ಹಿಂದೆಯೇ ಬರುತ್ತದೆ. ಒಳ್ಳೆಯ ಲೈನ್, ಕರೆಂಟ್ ಇರುವ ಹತ್ತಿಪ್ಪತ್ತು ಕುರ್ಚಿಯ ಬಾಡಿಗೆ ಕಚೇರಿಗಳು ಬೀದರ್‌ನಲ್ಲಿ ಇದ್ದರೆ, ಹೈದರಾಬಾದ್‌ನ ಕೆಲಸವನ್ನೇ ಇಲ್ಲಿ ಕೂತು ಮಾಡುವವರೂ ಇದ್ದಾರೆ. ನಿಮ್ಮ ಮಕ್ಕಳನ್ನು ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ನಮ್ಮ ಊರಲ್ಲಿ ಸಿಗ್ನಲ್ ಬೇಕಾದರೆ ಮಾಳಿಗೆ ಹತ್ತಬೇಕು. ಕಂಪನಿಗೆ ಫೋನ್ ಮಾಡಿದರೆ ‘ನಿಮ್ಮ ಏರಿಯಾದಲ್ಲಿ ನೆಟ್‌ವರ್ಕ್ ಉತ್ತಮವಾಗಿದೆ’ ಅಂತಾರೆ. ಯಾರಿಗೆ ಹೇಳಲಿ?
– ಗೃಹಿಣಿ, ಅಫಜಲಪುರ ತಾಲೂಕು

ಉತ್ತರ: ಫೋನ್ ಮಾಡಿದಾಗ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಮುಂದೆ ಏನೂ ನಡೆಯುವುದಿಲ್ಲ. ಉತ್ತರ ಸರಿ ಬರಲಿಲ್ಲ ಅಂದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ದುಡ್ಡು ಕೊಡಬೇಕಾಗಿಲ್ಲ, 39 ದಿನದಲ್ಲಿ ತೀರ್ಮಾನ ಹೇಳಬೇಕು. ಟ್ರಾಯ್ ಒಬ್ಬೊಬ್ಬರ ದೂರು ತಗೊಳ್ಳುವುದಿಲ್ಲ. ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟ ಮಾಡಿದೆ.

ಒಂದು ಒಳ್ಳೆಯ ಆಯುಧವೂ ಈಗ ಸಿಕ್ಕಿದೆ. ಯಾವ ಊರಲ್ಲಿ 4ಜಿ, 5ಜಿ ಇದೆ ಅನ್ನುವ ನಕ್ಷೆಯನ್ನು ಕಂಪನಿಗಳು ತಮ್ಮ ವೆಬ್‌ಸೈಟ್‌ನಲ್ಲಿ ತೋರಿಸಲೇಬೇಕು ಅಂತ 2024ರಲ್ಲಿ ನಿಯಮ ಆಗಿದೆ. ನಕ್ಷೆಯಲ್ಲಿ ನಿಮ್ಮೂರು ಬಣ್ಣ ಹಚ್ಚಿಕೊಂಡಿದ್ದು ಮನೆಯಲ್ಲಿ ಸಿಗ್ನಲ್ ಇಲ್ಲ ಅಂದರೆ, ಎರಡರದೂ ಫೋಟೊ ಮೇಲ್ಮನವಿಗೆ ಹಚ್ಚಿ. ನನ್ನ ಮನೆಯಲ್ಲೂ ಹೀಗೆಯೇ ಆಗಿತ್ತು. ಮೂರು ತಿಂಗಳು ‘ಉತ್ತಮವಾಗಿದೆ’ ಅಂದವರು ಫೋಟೊ ಹೋದ ಮೇಲೆ ಆಂಟೆನಾ ತಿರುಗಿಸಲು ಆಳು ಕಳಿಸಿದರು.

ಪ್ರಶ್ನೆ: ನಮ್ಮ ಸಂಘದ ಹತ್ತು ಜನ ಸೇರಿ ಸಣ್ಣ ಬೇಳೆ ಮಿಲ್ ಹಾಕಿ ಆನ್‌ಲೈನ್‌ನಲ್ಲಿ ಮಾರಬೇಕು ಅಂತ ಇದ್ದೇವೆ. ಸರ್ಕಾರದಿಂದ ಏನು ಸಿಗುತ್ತದೆ?
– ಸ್ವಸಹಾಯ ಸಂಘದ ಸದಸ್ಯೆ, ಚಿಂಚೋಳಿ ತಾಲೂಕು

ಉತ್ತರ: ಅಕ್ಕಾ, ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ಸಣ್ಣ ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಅಂತ ಯೋಜನೆ ಇದೆ. ಕೇಂದ್ರದ ಸಬ್ಸಿಡಿ ಶೇ 35, ಹೆಚ್ಚೆಂದರೆ 10 ಲಕ್ಷ. ಕರ್ನಾಟಕ ಅದಕ್ಕೆ ಇನ್ನೂ ಶೇ 15 ಸೇರಿಸಿತು, ಒಟ್ಟು ಶೇ 50, ಮಿತಿ 15 ಲಕ್ಷ. ಇದು ಸಾಲದ ಜೊತೆ ಬರುವ ಸಬ್ಸಿಡಿ. ಮೊದಲು ಬ್ಯಾಂಕು ಸಾಲ ಒಪ್ಪಬೇಕು. ಯೋಜನೆಯ ಅವಧಿಯನ್ನು 2025–26ರವರೆಗೆ ಅಂತ ಇಟ್ಟಿದ್ದರು. ಆದ್ದರಿಂದ ಮಷೀನ್ ನೋಡುವ ಮೊದಲು ಕೃಷಿ ಇಲಾಖೆಗೆ ಹೋಗಿ, ಅರ್ಜಿ ತಗೊಳ್ಳುತ್ತಿದ್ದಾರಾ ಕೇಳಿ. ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಒಬ್ಬರು ಇರುತ್ತಾರೆ, ಅವರ ನೆರವು ತಗೊಳ್ಳಿ.

‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಮಾಲು ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ. ಆದರೆ ಇಲ್ಲಿ ಬೆಳೆದದ್ದು ಅಂದ ಮಾತ್ರಕ್ಕೆ ಪ್ಯಾಕೆಟ್ ಮೇಲೆ ಆ ಗುರುತು ಹಾಕುವ ಹಾಗಿಲ್ಲ. ಅಧಿಕೃತ ಬಳಕೆದಾರರು ಅಂತ ನೋಂದಾಯಿಸಿಕೊಳ್ಳಬೇಕು. ಅದರ ಶುಲ್ಕವನ್ನು 2020ರಲ್ಲಿ 10 ರೂಪಾಯಿಗೆ ಇಳಿಸಿದ್ದಾರೆ. ಆನ್‌ಲೈನ್‌ನಲ್ಲಿ ಮಾರುವವರಿಗೆ ಈ ಗುರುತು ದೊಡ್ಡ ಆಸ್ತಿ, ಯಾಕೆಂದರೆ ಬೆಂಗಳೂರಿನ ಗಿರಾಕಿ ಬೇಳೆಯನ್ನು ಮುಟ್ಟಿ ನೋಡುವುದಿಲ್ಲ, ಹೆಸರು ನೋಡುತ್ತಾನೆ. ಕಲಬುರಗಿಯ ತೊಗರಿ ಮಂಡಳಿಯಲ್ಲಿ ವಿಚಾರಿಸಿ.

ಜಾಗ ಗೊತ್ತು ಮಾಡುವ ಮುಂಚೆ ಜೆಸ್ಕಾಂ ಲೈನ್‌ಮನ್ ಜೊತೆ ಮಾತಾಡಿ. ಮಿಲ್‌ಗೆ ತ್ರೀ–ಫೇಸ್ ಬೇಕು. ಪಂಪ್‌ಸೆಟ್ ಲೈನ್ ಮೇಲೆ ಕೂಡಿಸಿದರೆ ಅದು ದಿನದಲ್ಲಿ ಕೆಲವು ಗಂಟೆ ಅಷ್ಟೇ, ಅದೂ ಒಮ್ಮೊಮ್ಮೆ ರಾತ್ರಿ. ಊರ ಲೈನ್‌ನಿಂದ ಸಿಗುತ್ತದಾ, ಕಂಬ ಎಷ್ಟು ದೂರ, ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಿಸಬೇಕಾದರೆ ಖರ್ಚು ಯಾರದು, ಬರೆದು ಕೊಡಲು ಹೇಳಿ. ಈ ಖರ್ಚನ್ನು ರಿಪೋರ್ಟ್‌ನಲ್ಲಿ ಸೇರಿಸದೆ ಆಮೇಲೆ ಕೈಯಿಂದ ಹಾಕಿ ಸೋತ ಎರಡು ಸಂಘ ನಾನೇ ನೋಡಿದ್ದೇನೆ.

ಇನ್ನು ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಫೋನ್‌ನಲ್ಲೇ ಆಗುತ್ತದೆ. ಅದಕ್ಕೆ ಯಾರಾದರೂ ಎರಡು ಸಾವಿರ ಕೇಳಿದರೆ ಕೊಡಬೇಡಿ.